ಇಸ್ತ್ರಿ ಹಾಕದ ಅಂಗಿ

ಫಾದರ್ ಅಲ್ಬನ್ ಇಸ್ಪೀಟು ಎಲೆ ಹಂಚುವವರ ಹಾಗೆ ಒಂದೊಂದೇ ಪತ್ರವನ್ನು ಮೇಜಿನ ಮೇಲೆ ಇಡುತ್ತಾ ಹೋದರು. ಇಡುವಾಗ ಪ್ರತಿಯೊಂದರ ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. ಮೂರನೆಯ ಪತ್ರದ ಹೊತ್ತಿಗೆ ಎಸ್ತೆರ್‌ಗೆ ವಿಷಯ ಏನೆಂದು ಹೊಳೆಯಿತು. ಏಳನೆಯದಕ್ಕೆ ಬರುವಾಗ ಅವಳ ಎರಡೂ ಕಿವಿಗಳು ಕಾದ ಕಾವಲಿಯಂತಾಗಿದ್ದವು.

“‘ನಾನು ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ, ಪೂರ್ಣ ಮನಸ್ಸಿನಿಂದ...’” ಫಾದರ್ ಮತ್ತೊಂದನ್ನು ಎತ್ತಿದರು. “‘ನಾನು ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ...’ ಟೀಚರ್, ನಮ್ಮ ಮಕ್ಕಳಿಗೆಲ್ಲ ಸೇರಿ ಒಂದೇ ಸ್ವಂತ ಇಚ್ಛೆ ಇರುದಾ?”

“ಒಂದು ಮಾದರಿ ಮಾತ್ರ ಕಳಿಸಿದ್ದೆ ಫಾದರ್, ವಾಟ್ಸಾಪ್ ಗ್ರೂಪಿಗೆ. ಅದನ್ನು ನೋಡಿಕೊಂಡು ತಮ್ಮ ಮಾತಿನಲ್ಲಿ ಬರೀಲಿ ಅಂತ.”

“ಬರೆದಿದ್ದಾರೆ, ಬರೆದಿದ್ದಾರೆ. ಇದು ನಮ್ಮ ಕೆವಿನಂದು. ಕೊನೆ ನೋಡಿ.”

ಎಸ್ತೆರ್ ನೋಡಿದಳು. ಕೆವಿನ್ ಅಚ್ಚುಕಟ್ಟಾಗಿ, ಅಡಿಗೆರೆ ಎಳೆದು ಬರೆದಿದ್ದ: ‘ಇಂತಿ ನಿಮ್ಮ ಪ್ರೀತಿಯ, ಇಲ್ಲಿ ನಿಮ್ಮ ಹೆಸರು ಬರೆಯಿರಿ.’

ಫಾದರ್ ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎಸ್ತೆರ್‌ಗೂ ನಗು ಬರಬೇಕಿತ್ತು, ಬರಲಿಲ್ಲ. ಹನ್ನೊಂದು ವರ್ಷಗಳಿಂದ ಈ ಇಗರ್ಜಿಯ ಮಕ್ಕಳಿಗೆ ಪ್ರತಿ ಆದಿತ್ಯವಾರ ಧರ್ಮೋಪದೇಶ ಕಲಿಸುತ್ತಿದ್ದವಳು ಅವಳು. ಈ ವರ್ಷ ಹದಿನೆಂಟು ಮಕ್ಕಳಿಗೆ ದೃಢೀಕರಣ ಸಂಸ್ಕಾರ. ಜ್ಞಾನಸ್ನಾನ ಕೊಡುವಾಗ ಎಳೆಗೂಸಿನ ಒಪ್ಪಿಗೆ ಕೇಳುವವರಿಲ್ಲ. ಈಗ ಬುದ್ಧಿ ಬಂದಿದೆ, ಹೌದೋ ಅಲ್ಲವೋ ನೀವೇ ಹೇಳಿ ಎನ್ನುವುದು ಈ ಸಂಸ್ಕಾರದ ತಿರುಳು. ಹೊಸದಾಗಿ ಬಂದ ಫಾದರ್ ಅಲ್ಬನ್ ಈ ಸಲ ಒಂದು ಹೊಸ ಕ್ರಮ ತಂದಿದ್ದರು: ಪ್ರತಿಯೊಂದು ಮಗುವೂ ತನಗೆ ಇದು ಯಾಕೆ ಬೇಕೆಂದು ಬಿಷಪರಿಗೆ ಒಂದು ಪತ್ರ ಬರೆಯಬೇಕು.

ಎಸ್ತೆರ್ ಹಗಲಿಡೀ ದುಡಿಯುವುದು ಮಣ್ಣಗುಡ್ಡದ ಹತ್ತಿರದ ಒಂದು ಕಾಲೇಜಿನ ಆಫೀಸಿನಲ್ಲಿ. ಅಲ್ಲಿ ಮಾದರಿ ಇಲ್ಲದ ಕಾಗದವೇ ಇಲ್ಲ. ರಜೆಗೆ ಮಾದರಿ, ಟಿ.ಸಿ.ಗೆ ಮಾದರಿ, ಹಾಸ್ಟೆಲಿಗೆ ಸೇರುವವರ ಮುಚ್ಚಳಿಕೆಗೆ ಮಾದರಿ. ಖಾಲಿ ಹಾಳೆ ಕೊಟ್ಟರೆ ಜನ ಕಂಗಾಲಾಗುತ್ತಾರೆ ಎಂಬುದು ಅವಳ ಇಪ್ಪತ್ತು ವರ್ಷಗಳ ಅನುಭವ. ಮಕ್ಕಳ ತಾಯಂದಿರು “ಎಂತ ಬರೀಬೇಕು ಟೀಚರ್, ಎಂತ ಬರೀಬೇಕು?” ಎಂದು ಫೋನಿನ ಮೇಲೆ ಫೋನು ಮಾಡಿದಾಗ, ಅನ್ನ ಬಸಿಯುತ್ತಾ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಆ ಹತ್ತು ಸಾಲು ಟೈಪ್ ಮಾಡಿ ಕಳಿಸಿದ್ದಳು. ಸ್ವಂತ ಇಚ್ಛೆಯ ಮುಚ್ಚಳಿಕೆ. ಅದರಲ್ಲೇನೂ ತಪ್ಪಿದೆ ಎಂದು ಆ ಹೊತ್ತಿಗೆ ಅನಿಸಿರಲಿಲ್ಲ.

“ಇದು ಹದಿನೇಳು,” ಎಂದರು ಫಾದರ್, ನಗು ನಿಲ್ಲಿಸಿ. “ಹದಿನೆಂಟನೆಯದು ಬೇರೆ ಉಂಟು. ನಿಮ್ಮ ಮಗಳದ್ದು. ನೀವು ನೋಡಿದ್ದೀರಾ?”

ನೋಡಿರಲಿಲ್ಲ. ಡ್ಯಾಫ್ನಿ ಲಕೋಟೆಗೆ ಅಂಟು ಹಾಕಿ ಕೊಟ್ಟಿದ್ದಳು. ಅಷ್ಟು ಚೆಂದಕ್ಕೆ ಅಂಟಿಸಿದ್ದಾಳಲ್ಲ ಎಂದು ಎಸ್ತೆರ್ ಮೆಚ್ಚಿಕೊಂಡಿದ್ದಳು ಕೂಡ.

ಪತ್ರ ಹೀಗಿತ್ತು:

‘ಪೂಜ್ಯ ಬಿಷಪರೇ, ಮಾದರಿ ಪತ್ರದಲ್ಲಿ ಸ್ವಂತ ಇಚ್ಛೆ ಎಂದು ಇದೆ. ಆದರೆ ಅದನ್ನು ಬರೆದದ್ದು ನನ್ನ ಮಮ್ಮಿ. ಹಾಗಾಗಿ ಅದು ಅವಳ ಇಚ್ಛೆ. ನನ್ನದು ಇನ್ನೂ ಗೊತ್ತಾಗಲಿಲ್ಲ. ಸ್ವರ್ಗದಲ್ಲಿ ಎಲ್ಲರೂ ಯಾವಾಗಲೂ ದೇವರ ಸ್ತುತಿ ಹಾಡುತ್ತಾರೆ, ಅಲ್ಲಿ ಯಾರೂ ಪಾಪ ಮಾಡುವುದಿಲ್ಲ ಎಂದು ಕಲಿತಿದ್ದೇವೆ. ಅಲ್ಲಿ ಒಬ್ಬರಿಗೆ ಇವತ್ತು ಬೇಡ ಎಂದು ಹೇಳಲಿಕ್ಕೆ ಆಗುತ್ತದೆಯೇ? ಆಗುವುದಿಲ್ಲ ಎಂದಾದರೆ ಇಲ್ಲಿ ನಮ್ಮ ಇಚ್ಛೆ ಕೇಳುವುದು ಯಾಕೆ? ಕೊನೆಗೆ ಅದನ್ನು ತೆಗೆದುಕೊಳ್ಳುವುದಾದರೆ ಕೊಡುವುದು ಯಾಕೆ? ಆಗುತ್ತದೆ ಎಂದಾದರೆ ಯಾರಾದರೂ ಎದ್ದು ಹೊರಗೆ ಹೋಗಬಹುದು, ಆಗ ಅದು ಸ್ವರ್ಗ ಹೇಗೆ? ಇದು ಗೊತ್ತಾಗದೆ ಹೌದು ಎಂದರೆ ಸುಳ್ಳು. ಬೇಡ ಎಂದರೂ ಸುಳ್ಳೇ, ಯಾಕೆಂದರೆ ನನಗೆ ಇಗರ್ಜಿಯಲ್ಲಿ ಹಾಡುವುದು ಇಷ್ಟ. ಕ್ಷಮಿಸಿ. ಡ್ಯಾಫ್ನಿ.’

ಎಸ್ತೆರ್ ಎರಡು ಸಲ ಓದಿದಳು. ಎರಡನೆಯ ಸಲ ಕಣ್ಣು ‘ಮಮ್ಮಿ’ ಎಂಬಲ್ಲೇ ಸಿಕ್ಕಿಕೊಂಡಿತು.

“ನಾನು ಅವಳತ್ರ ಮಾತಾಡ್ತೇನೆ ಫಾದರ್.”

“ಅದನ್ನೇ ಮಾಡ್ಬೇಡಿ ಅಂತ ಹೇಳ್ಲಿಕ್ಕೆ ಕರೆದದ್ದು. ಉಳಿದ ಹದಿನೇಳು ಮಂದಿಯನ್ನು ನಾಡಿದ್ದು ಕೂರಿಸಿ ನಾನೇ ಬರೆಸ್ತೇನೆ. ಇವಳದ್ದು ಹೀಗೇ ಬಿಷಪರಿಗೆ ಹೋಗ್ತದೆ.”

“ಮತ್ತೆ ಸಂಸ್ಕಾರ?”

“ಆ ದಿನ ಹೆಸರು ಕರೆಯುವವರು ನೀವೇ ಅಲ್ವಾ? ಅವಳ ಹೆಸರನ್ನೂ ಕರೀರಿ. ಎದ್ರೆ ಎದ್ಲು. ಏಳದಿದ್ರೆ ಮುಂದಿನ ವರ್ಷವೂ ಬಿಷಪರು ಬರ್ತಾರೆ. ಅಲ್ಲಿಯವರೆಗೆ ಒಂದು ಮಾತೂ ಇಲ್ಲ, ಟೀಚರ್. ಪ್ರಾಮಿಸ್?”

ಬಿಷಪರು ಬರುವುದಕ್ಕೆ ಒಂಬತ್ತು ದಿನಗಳಿದ್ದವು. ಗಂಡ ಬಾಸಿಲ್ ಮಸ್ಕತ್ತಿನಿಂದ ಗುರುವಾರ ಬಂದಿಳಿಯಲಿದ್ದ. ಹದಿನೈದು ದಿನದ ಈ ರಜೆಗಾಗಿ ಅವನು ಮೇಲಿನವನ ಕಾಲು ಹಿಡಿಯುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದ್ದ. ಬಾಸಿಲನ ತಂಗಿ ಮೆಲಿಸಾ ಸಂಸ್ಕಾರದಲ್ಲಿ ಡ್ಯಾಫ್ನಿಯ ಹಿಂದೆ ನಿಲ್ಲುವ ಗಾಡ್‌ಮದರ್ ಆಗಲು ಒಪ್ಪಿ ಸೀರೆ ತೆಗೆದಿದ್ದಳು. ಪಂಪ್‌ವೆಲ್‌ನ ಟೈಲರನಿಂದ ಬಿಳಿ ಫ್ರಾಕು ಬಂದಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಿಷಪರಿಗೆ ಒಪ್ಪಿಸುವ ಟೀಚರಳ ಸ್ವಂತ ಮಗಳೇ ಕುಳಿತಲ್ಲಿಂದ ಏಳದಿದ್ದರೆ? ಎಸ್ತೆರ್‌ಳ ಕಣ್ಣಮುಂದೆ ಇಗರ್ಜಿಯ ಬೆಂಚುಗಳೆಲ್ಲ ತಿರುಗಿ ತನ್ನನ್ನೇ ನೋಡಿದ ಹಾಗಾಯಿತು.

“ಪ್ರಾಮಿಸ್,” ಎಂದಳು.

ಮಾತು ಕೊಟ್ಟದ್ದೇನೋ ಕೊಟ್ಟಳು. ಮಾತಾಡದೆ ಇರುವುದು ಎಷ್ಟು ಗದ್ದಲದ ಕೆಲಸ ಎಂದು ಗೊತ್ತಾದದ್ದು ಆಮೇಲೆ. ಬಿಳಿ ಫ್ರಾಕನ್ನು ಪ್ಲಾಸ್ಟಿಕ್ ಕವರಿನ ಸಮೇತ ಕಪಾಟಿನ ಹೊರಬಾಗಿಲಿಗೆ ತೂಗುಹಾಕಿದಳು, ಮಗಳು ಕಣ್ಣು ಬಿಟ್ಟರೆ ಮೊದಲು ಅದೇ ಕಾಣುವ ಹಾಗೆ. ಸಂಜೆಯ ತೇರ್ಸ್, ಎಂದರೆ ಮನೆಮಂದಿಯೆಲ್ಲ ಕೂತು ಹೇಳುವ ಜಪಮಾಲೆ, ಮುಗಿದ ಮೇಲೆ ‘ಪವಿತ್ರಾತ್ಮರು ಎಲ್ಲ ಮಕ್ಕಳ ಮನಸ್ಸಿಗೂ ಬೆಳಕು ಕೊಡಲಿ’ ಎಂದು ಒಂದು ಹೊಸ ಪ್ರಾರ್ಥನೆ ಸೇರಿಸಿದಳು. ‘ಎಲ್ಲ ಮಕ್ಕಳ’ ಎನ್ನುವಾಗ ಸ್ವರ ತಾನಾಗಿ ಒಂದು ಮೆಟ್ಟಿಲು ಮೇಲೇರುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಗಳು ಎಂದಿಗಿಂತ ಜೋರಾಗಿ ಕೆಳಗೆ ಕೂರುತ್ತಿದ್ದವು.

ಶನಿವಾರ ಬೆಳಿಗ್ಗೆ ಡ್ಯಾಫ್ನಿ ತಲೆ ಬಾಚಿಕೊಳ್ಳುತ್ತಾ, ಕನ್ನಡಿಯೊಳಗಿನಿಂದಲೇ ತಾಯಿಯನ್ನು ನೋಡಿ ಹೇಳಿದಳು: “ಮಮ್ಮಿ, ನೀನು ಬಾಯಿ ಮುಚ್ಚಿಕೊಂಡೇ ಇಡೀ ದಿನ ಮಾತಾಡ್ತಾ ಇದ್ದಿ.”

“ನಾನೆಂತ ಹೇಳಿದೆ ಈಗ?”

“ಅದೇ. ಎಂತದೂ ಹೇಳ್ಲಿಲ್ಲ. ತುಂಬಾ ಜೋರಾಗಿ.”

ಅವತ್ತು ಆಫೀಸಿನಲ್ಲಿ ಪಕ್ಕದ ಮೇಜಿನ ಜಯ, ಹಾಸ್ಟೆಲ್ ಮುಚ್ಚಳಿಕೆಗಳಿಗೆ ಸೀಲು ಒತ್ತುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಜಯ ಊರಿನ ತುಳುವಳು, ಎಸ್ತೆರ್‌ಳ ಜೊತೆಗೇ ಕೆಲಸಕ್ಕೆ ಸೇರಿದವಳು, ನಾಲಗೆಗೆ ಬ್ರೇಕು ಇಲ್ಲ.

“ದೇವರಿಗೂ ಅರ್ಜಿ ಹಾಕ್ಲಿಕ್ಕುಂಟಾ ಮಾರಾಯ್ರೆ ನಿಮ್ಮಲ್ಲಿ? ಜೆರಾಕ್ಸ್ ಎಷ್ಟು ಕಾಪಿ? ಅಟೆಸ್ಟ್ ಮಾಡಿಸ್ಬೇಕಾ?”

“ನಗಾಡ್ಬೇಡ ಜಯ. ನನಗೆ ತಲೆ ಕೆಟ್ಟುಹೋಗಿದೆ.”

“ನಗಾಡುದಲ್ಲ ಮೇಡಂ. ಇದು ನೋಡಿ.” ಜಯ ಒಂದು ಮುಚ್ಚಳಿಕೆ ಎತ್ತಿ ಹಿಡಿದಳು. “‘ನಾನು ಸ್ವ ಇಚ್ಛೆಯಿಂದ ಹಾಸ್ಟೆಲಿಗೆ ಸೇರುತ್ತಿದ್ದೇನೆ.’ ಮೊನ್ನೆ ಇದಕ್ಕೆ ಸೈನು ಹಾಕುವಾಗ ಈ ಹುಡುಗಿ ಗೊಳೋ ಅಂತ ಅಳ್ತಾ ಇತ್ತು. ಅಪ್ಪ ಹಿಂದೆ ನಿಂತು ‘ಹಾಕು ಹಾಕು’ ಅಂತಿದ್ರು. ನಾವು ಸೀಲು ಒತ್ತಿದೆವು. ನಮಗೆ ಕಾಗದ ಸರಿ ಇದ್ರೆ ಆಯ್ತು. ನಿಮ್ಮ ದೇವರು ನಮ್ಮ ಆಫೀಸಿನಷ್ಟು ಮಡ್ಡನಾ?”

ಎಸ್ತೆರ್ ಆ ಮುಚ್ಚಳಿಕೆಯನ್ನು ತೆಗೆದುಕೊಂಡು ಕಟ್ಟಿನ ಅಡಿಗೆ ಸೇರಿಸಿದಳು. ಆ ರಾತ್ರಿ ಫೋನಿನಲ್ಲಿ ಬಾಸಿಲ್ ಬೇರೆಯೇ ರಾಗ ತೆಗೆದ. “ಮಗಳನ್ನು ಕೇಳಿ ಮಾಡುದಾ ಇದನ್ನೆಲ್ಲ? ನನ್ನನ್ನು ಯಾರು ಕೇಳಿದ್ದು? ಕಿವಿ ಹಿಡಿದು ನಿಲ್ಲಿಸಿದ್ರು, ನಿಂತೆ. ಈಗ ನಾನು ಕೆಟ್ಟುಹೋಗಿದ್ದೇನಾ?” ಎಂದು ಕೇಳಿ, ಸ್ವಲ್ಪ ತಡೆದು, “ಇಲ್ಲಿ ರಜೆ ಇದ್ರೂ ಶುಕ್ರವಾರದ ಪೂಜೆಗೆ ಹೋಗದೆ ಮೂರು ತಿಂಗಳಾಯ್ತು. ಅದು ಬೇರೆ ವಿಷಯ,” ಎಂದ.

ಮರುದಿನ ಆದಿತ್ಯವಾರ. ಬೆಳಗ್ಗಿನ ಏಳೂವರೆಯ ಬಲಿಪೂಜೆ ಮುಗಿಸಿ ದೇರೆಬೈಲಿನ ಮನೆಯಲ್ಲಿ ಮೂವರೂ ನೀರುದೋಸೆಗೆ ಕೂತಿದ್ದರು: ಎಸ್ತೆರ್, ಡ್ಯಾಫ್ನಿ, ಮತ್ತು ಬಾಸಿಲನ ತಂದೆ ಒಸ್ವಾಲ್ಡ್. ಡ್ಯಾಫ್ನಿಗೆ ಅವರು ಆಬ್, ಎಂದರೆ ಅಜ್ಜ. ನಲವತ್ತು ವರ್ಷ ಇಗರ್ಜಿಯ ಕೊಯರ್‌ನಲ್ಲಿ, ಎಂದರೆ ಹಾಡುವ ತಂಡದಲ್ಲಿ, ಎಲ್ಲಕ್ಕಿಂತ ಕೆಳಗಿನ ಬೇಸ್ ಸ್ವರ ಹಾಡಿದವರು. ಅವರು ಕೆಳಸ್ವರ ಹಿಡಿದರೆ ಕಾಲಡಿಯ ಮರದ ಹಲಗೆ ನಡುಗುತ್ತಿತ್ತು ಎಂದು ಈಗಲೂ ಜನ ಹೇಳುವುದುಂಟು. ಎರಡು ವರ್ಷಗಳ ಹಿಂದೆ ಗಂಟಲಲ್ಲಿ ಗಡ್ಡೆ ಎದ್ದು ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ಈಗ ಅವರ ಮಾತೆಂದರೆ ಬರೀ ಗಾಳಿ, ತೆಂಗಿನ ಗರಿ ನೆಲಕ್ಕೆ ಉಜ್ಜಿದಂಥ ಸದ್ದು. ಅದು ಕೇಳಿಸಬೇಕಾದರೆ ಫ್ಯಾನ್ ನಿಲ್ಲಿಸಬೇಕು. ಈ ಊರಿನ ಸೆಕೆಯಲ್ಲಿ ಫ್ಯಾನ್ ನಿಲ್ಲಿಸಿ ಕೂರುವುದೆಂದರೇನು! ಹಾಗಾಗಿ ಅವರು ಉಳಿದವರ ಮೇಲಿನ ಕರುಣೆಯಿಂದ ಚುಟುಕಾಗಿ ಮಾತಾಡುವುದನ್ನು ರೂಢಿಸಿಕೊಂಡಿದ್ದರು.

ಸ್ವರ ಹೋದರೂ ಅವರು ಪ್ರತಿ ಆದಿತ್ಯವಾರ ಇಗರ್ಜಿಯ ಹಿಂಬದಿಯ ಮರದ ಮೆಟ್ಟಿಲು ಹತ್ತಿ ಕೊಯರ್‌ನವರು ನಿಲ್ಲುವ ಮಹಡಿಗೆ ಹೋಗುತ್ತಿದ್ದರು. ತಮ್ಮ ಹಳೆಯ ಜಾಗದಲ್ಲಿ ಪುಸ್ತಕ ತೆರೆದು, ಬಾಯಿ ಮುಚ್ಚಿ ನಿಲ್ಲುತ್ತಿದ್ದರು.

“ಆಬ್, ಫ್ಯಾನ್ ಆಫ್ ಮಾಡ್ಲಾ?” ಎಂದಳು ಡ್ಯಾಫ್ನಿ. “ಒಂದು ಕೇಳ್ಲಿಕ್ಕುಂಟು.”

ಅವರು ದೋಸೆ ಮುರಿಯುತ್ತಾ ತಲೆಯಾಡಿಸಿದರು. ಫ್ಯಾನ್ ನಿಂತಿತು.

“ನೀವು ಹಾಡುದಿಲ್ಲ. ಕೊಯರ್‌ನವರಿಗೆ ನೀವು ಬೇಕಂತ ಇಲ್ಲ.”

“ಡ್ಯಾಫ್ನಿ!” ಎಸ್ತೆರ್ ಗದರಿದಳು.

ಮುದುಕರು ಕೈಯೆತ್ತಿ ಸೊಸೆಯನ್ನು ತಡೆದರು. “ಸರಿಯೇ ಹೇಳಿದ್ದು. ಬೇಕಂತ ಇಲ್ಲ.”

“ಮತ್ತೆ ಯಾಕೆ ಅಷ್ಟು ಮೆಟ್ಟಿಲು ಹತ್ತಿ ಹೋಗಿ ನಿಲ್ತೀರಿ?”

“ಮೊದಲು ಬೇಕಿತ್ತು. ನಾನಿಲ್ಲದಿದ್ರೆ ಬೇಸ್ ಇಲ್ಲ. ಜ್ವರ ಬಂದ್ರೂ ಹೋಗ್ಬೇಕು.” ಒಂದು ಉಸಿರು ಎಳೆದುಕೊಂಡರು. “ಆಗ ನಾನು ದೇವರಿಗಾಗಿ ಹೋಗುದಾ, ಕೊಯರ್ ಮಾಸ್ಟರ್ ಬೈತಾನೆ ಅಂತ ಹೋಗುದಾ, ನನಗೇ ಗೊತ್ತಿರ್ಲಿಲ್ಲ. ಈಗ ಗೊತ್ತುಂಟು.”

ಡ್ಯಾಫ್ನಿ ತಟ್ಟೆ ಸರಿಸಿ ಮುಂದೆ ಬಾಗಿದಳು. “ಸ್ವರ್ಗದಲ್ಲಿ ಹಾಡುವವರಿಗೆ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ ಆಬ್?”

“ಅಲ್ಲಿಗೆ ನಾನು ಇನ್ನೂ ಹೋಗ್ಲಿಲ್ಲ ಮಾರಾಯ್ತಿ. ಹೋದವರು ಫೋನು ಮಾಡುದಿಲ್ಲ.” ಅವರ ಹೆಗಲು ಎರಡು ಸಲ ಕುಣಿಯಿತು, ಸದ್ದಿಲ್ಲದ ನಗು. ಆಮೇಲೆ ಬೆರಳಿನಿಂದ ಮೇಜಿನ ಮೇಲೆ ನಾಲ್ಕು ಗೆರೆ ಎಳೆದರು, ಒಂದರ ಕೆಳಗೊಂದು. “ನಾಲ್ಕು ಸ್ವರ. ಕೆಳಗಿನದ್ದು ನಂದು. ಬೇರೆ ಸ್ವರ ಹಾಡ್ಲಿಕ್ಕೆ ನನ್ನ ಗಂಟಲಿಗೆ ಆಗ್ತಿತ್ತು. ಯಾರೂ ಕತ್ತು ಹಿಸುಕ್ತಿರ್ಲಿಲ್ಲ. ಆದ್ರೆ ನಾಲ್ಕೂ ಒಟ್ಟಿಗೆ ಸರಿಯಾಗಿ ಕೂತದ್ದು ಒಮ್ಮೆ ಕಿವಿಗೆ ಬಿದ್ದ ಮೇಲೆ, ಬೇರೆ ಹಾಡುವ ಅಂತ ಯಾರಿಗೆ ಕಾಣ್ತದೆ?”

“ಕೆವಿನ್‌ಗೆ ಕಾಣ್ತದೆ. ಅವನು ಯಾವಾಗಲೂ ಬೇರೆಯೇ ಹಾಡುದು.”

“ಅವನಿಗೆ ಇನ್ನೂ ಕಿವಿ ಬರ್ಲಿಲ್ಲ.” ಅವರು ಆ ನಾಲ್ಕು ಗೆರೆಗಳ ಮೇಲೆ ಅಂಗೈ ಇಟ್ಟರು. “ಸ್ವರ್ಗ ಅಂದ್ರೆ ಎಲ್ಲರಿಗೂ ಕಿವಿ ಬರುದು ಇರ್ಬೇಕು. ಬಾಯಿಗೆ ಬೀಗ ಹಾಕುದಲ್ಲ. ನನಗೆ ಅಷ್ಟೇ ಗೊತ್ತಿರುದು. ಅದೂ ತಪ್ಪಿರ್ಬಹುದು.”

ಡ್ಯಾಫ್ನಿ ಮೇಜನ್ನೇ ನೋಡುತ್ತಾ ಕೂತಳು. ಒಪ್ಪಿದ ಮುಖವಲ್ಲ, ಒಪ್ಪದ ಮುಖವೂ ಅಲ್ಲ. “ಕಿವಿ ಬರುವ ಮೊದಲು ಹಾಡ್ಬಹುದಾ?” ಎಂದು ಕೇಳಿದಳು.

“ಹಾಡದೆ ಯಾರಿಗೆ ಬಂದಿದೆ?”

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಎಸ್ತೆರ್‌ಳ ನಾಲಗೆ ಎರಡು ದಿನಗಳಿಂದ ಕಟ್ಟಿಹಾಕಿದ ಕರು. ಫಾದರ್‌ಗೆ ಕೊಟ್ಟ ಮಾತು ಮುರಿಯದ ಹಾಗೆ, ಆದರೆ ಬಾಣ ಗುರಿಗೆ ತಾಗುವ ಹಾಗೆ, ಅವಳು ಮಾವನ ಕಡೆ ತಿರುಗಿದಳು.

“ಅದನ್ನೂ ಹೇಳಿ ಪಪ್ಪ. ಆಪರೇಷನ್ ಆದ ಮೇಲೆ ನಾಲ್ಕು ತಿಂಗಳು ನೀವು ಇಗರ್ಜಿಗೆ ಹೋಗ್ಲೇ ಇಲ್ಲ. ನಾನು ಪ್ರತಿ ಶನಿವಾರ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ನಿಮ್ಮ ಮಂಚದ ಹತ್ತಿರ ಮೊಳೆಗೆ ಸಿಕ್ಕಿಸಿ ಇಡ್ತಿದ್ದೆ. ಒಂದು ಮಾತು ಹೇಳ್ಲಿಲ್ಲ. ಕಡೆಗೊಂದು ದಿನ ಮನಸ್ಸು ತಿರುಗಿತಲ್ಲ?”

ಇದು ಎಸ್ತೆರ್‌ಳ ಅಚ್ಚುಮೆಚ್ಚಿನ ಕತೆ. ತಾಳ್ಮೆಯ ಪಾಠ ಮಾಡುವಾಗ ಕ್ಲಾಸಿನಲ್ಲಿ ಮೂರು ವರ್ಗದ ಮಕ್ಕಳಿಗೆ ಹೇಳಿದ್ದಳು. ಐದನೆಯ ತಿಂಗಳಿಗೆ ನನ್ನ ಇಸ್ತ್ರಿ ಪೆಟ್ಟಿಗೆ ಗೆದ್ದಿತು ಎಂದು ಮುಗಿಸುವುದು ವಾಡಿಕೆ.

ಒಸ್ವಾಲ್ಡರು ತಟ್ಟೆಯಲ್ಲಿದ್ದ ದೋಸೆಯನ್ನು ನಿಧಾನಕ್ಕೆ ತಿಂದು ಮುಗಿಸಿ, ಬೆರಳು ಒರೆಸಿಕೊಂಡರು. ಮೂವರ ಹಣೆಯಲ್ಲೂ ಬೆವರು ಮೂಡಿತು. ಫ್ಯಾನ್ ಹಾಕಲು ಡ್ಯಾಫ್ನಿ ಎದ್ದಳು. ಅವರು ಬೇಡವೆಂದು ಸನ್ನೆ ಮಾಡಿದರು.

“ಆ ದಿನ ನಾನು ಹಾಕಿಕೊಂಡು ಹೋದದ್ದು ಯಾವ ಅಂಗಿ, ನೆನಪುಂಟಾ ಮಗಾ?”

“ಬಿಳಿ. ಮತ್ತೆಂತ?”

“ನೀಲಿ. ಇಸ್ತ್ರಿ ಇಲ್ಲದ್ದು. ಹಗ್ಗದಿಂದ ತೆಗೆದು ಹಾಕಿದ್ದು.”

ಎಸ್ತೆರ್ ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಗೆ ಹಾಕಿದಳು.

“ಆ ವಾರ ನಿನಗೆ ಕಾಲೇಜಿನಲ್ಲಿ ಅಡ್ಮಿಷನ್ ಗಲಾಟೆ. ಆದಿತ್ಯವಾರವೂ ಡ್ಯೂಟಿ. ಆರು ಗಂಟೆಗೇ ಓಡಿದ್ದಿ. ನಾನು ಎದ್ದು ನೋಡ್ತೇನೆ, ಮೊಳೆ ಖಾಲಿ.” ಗಾಳಿ ಸಾಲದೆ ಅವರು ಸ್ವಲ್ಪ ನಿಂತರು. “ಅಬ್ಬ ಅಂತ ಆಯ್ತು. ಹೋಗಿಬರುವ ಅಂತ ಕಂಡಿತು.”

“ಹಾಗಾದ್ರೆ ನಾನು ಅಷ್ಟು ವಾರ...”

“ಬಿಳಿ ಅಂಗಿ ಅಲ್ಲಿ ನೇತಾಡ್ತಿರುವಾಗ ನಾನು ಹೋದ್ರೆ, ಹೋದದ್ದು ಅಂಗಿ. ನಾನಲ್ಲ. ಒಳಗೆ ಹೋಗ್ಬೇಕು ಅಂತ ಎರಡನೇ ತಿಂಗಳಿಗೇ ಆಗಿತ್ತು. ಅಂಗಿ ನೋಡಿದ ಕೂಡಲೇ ಹಟ ಬರ್ತಿತ್ತು.” ಅವರು ಕೈಚಾಚಿ ಸೊಸೆಯ ಮಣಿಕಟ್ಟನ್ನು ಹಿಡಿದರು. “ಬೇಜಾರು ಮಾಡ್ಬೇಡ. ಪ್ರೀತಿಯಿಂದ ಹಾಕಿದ ಇಸ್ತ್ರಿ ಅಂತ ಗೊತ್ತಿತ್ತು. ಹಾಗಾಗಿಯೇ ಇಷ್ಟು ದಿನ ಹೇಳ್ಲಿಲ್ಲ.”

ಡ್ಯಾಫ್ನಿ ಫ್ಯಾನ್ ಹಾಕಿದಳು. ರೆಕ್ಕೆಗಳ ಸದ್ದಿನಡಿಯಲ್ಲಿ ಯಾರೂ ಏನೂ ಹೇಳಬೇಕಾಗಿ ಬರಲಿಲ್ಲ.

ಎಸ್ತೆರ್ ತಟ್ಟೆಗಳನ್ನು ತೊಳೆದಳು, ಸದ್ದಿಲ್ಲದೆ, ಒಂದೊಂದಾಗಿ. ನಾಲ್ಕು ತಿಂಗಳು. ಹದಿನಾರೋ ಹದಿನೇಳೋ ಶನಿವಾರ. ಕೆಲಸದಿಂದ ಬಂದು, ಸೊಂಟ ಬಿದ್ದುಹೋಗುವ ಹಾಗಿದ್ದರೂ, ಕಾಲರಿನ ತುದಿಗೆ ನೀರು ಚಿಮುಕಿಸಿ ತೀಡಿದ್ದು ನೆನಪಾಯಿತು. ಆ ಮುದುಕರನ್ನು ದೇವರ ಕಡೆ ತಳ್ಳುತ್ತಿದ್ದೇನೆ ಎಂದುಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದೆನೇ? ಅಳು ಬರುವುದೋ ಸಿಟ್ಟು ಬರುವುದೋ ತಿಳಿಯದೆ, ನಲ್ಲಿಯ ನೀರಿಗೆ ಮುಖ ಒಡ್ಡಿದಳು. ನಾನು ಮಾಡದಿದ್ದರೆ ಯಾರು ಮಾಡುತ್ತಾರೆ ಎಂದು ಬದುಕಿಡೀ ಓಡಿದವಳು. ತಾನು ಮಾಡದೆ ಬಿಟ್ಟ ಒಂದೇ ಒಂದು ದಿನ ಅದು ತಾನಾಗಿ ಆಗಿತ್ತು ಎಂಬುದನ್ನು ಸುಲಭದಲ್ಲಿ ನುಂಗಲು ಆಗುವುದಿಲ್ಲ.

ಕೈ ಒರೆಸಿಕೊಂಡು ಕೋಣೆಗೆ ಹೋದಳು. ಕಪಾಟಿನ ಬಾಗಿಲಲ್ಲಿ ಬಿಳಿ ಫ್ರಾಕು ನೇತಾಡುತ್ತಿತ್ತು. ಥೇಟ್ ಮೊಳೆಯ ಮೇಲಿನ ಅಂಗಿ. ಅದನ್ನು ಇಳಿಸಿ, ಕವರು ತೆಗೆದು, ನಾಲ್ಕಾಗಿ ಮಡಚಿ, ಕಪಾಟಿನ ಒಳಗೆ ಬೆಡ್‌ಶೀಟುಗಳ ನಡುವೆ ಇಟ್ಟಳು. ಸುಕ್ಕಾಗುತ್ತದೆ ಎಂದು ಕೈ ಒಮ್ಮೆ ತಡೆಯಿತು. ಆಗಲಿ ಎಂದು ಬಾಗಿಲು ಹಾಕಿದಳು.

ಹಿಂದೆ ಡ್ಯಾಫ್ನಿ ನಿಂತಿದ್ದಳು.

“ಮಾತಾಡ್ಬಾರ್ದು ಅಂತ ಫಾದರ್ ಹೇಳಿದ್ದಾರೆ,” ಎಂದಳು ಎಸ್ತೆರ್. “ಒಂದೇ ಮಾತು ಹೇಳಿ ಬಾಯಿ ಮುಚ್ತೇನೆ. ಪಟ್ಟಿಯಲ್ಲಿ ನಿನ್ನ ಹೆಸರು ಕೊನೆಗುಂಟು. ಕರೀತೇನೆ. ನೀನು ಏಳದಿದ್ರೆ ಪಟ್ಟಿ ಮಡಚಿ ಕೂತ್ಕೊಳ್ತೇನೆ. ಅಷ್ಟೆ.”

“ಡ್ಯಾಡಿ?”

“ಡ್ಯಾಡಿಗೆ ನಾನು ಹೇಳ್ತೇನೆ.”

“ಮೆಲಿಸಾ ಆಂಟಿ? ಸೀರೆ ತೆಗೆದಿದ್ದಾರೆ.”

“ಸೀರೆ ಕ್ರಿಸ್ಮಸ್ಸಿಗೂ ಆಗ್ತದೆ.”

“ಜನ ಎಂತ ಹೇಳ್ತಾರೆ ಮಮ್ಮಿ? ಟೀಚರ್ ಮಗಳು...”

“ಹೇಳ್ಲಿ,” ಎಂದಳು ಎಸ್ತೆರ್. ಬಾಯಿ ಅದನ್ನು ಹಗುರವಾಗಿಯೇ ಹೇಳಿತು. ಕೈ ಮಾತ್ರ ಮುಚ್ಚಿದ್ದ ಕಪಾಟಿನ ಬಾಗಿಲನ್ನು ಇನ್ನೊಮ್ಮೆ ಒತ್ತಿ ಮುಚ್ಚಿತು.

ಆ ವಾರ ಅವಳು ಮಾಡಿದ ಅತ್ಯಂತ ಕಷ್ಟದ ಕೆಲಸವೆಂದರೆ ಏನೂ ಮಾಡದೆ ಇದ್ದದ್ದು. ತೇರ್ಸ್‌ನ ಹೊಸ ಪ್ರಾರ್ಥನೆಯನ್ನು ಬಿಟ್ಟಳು. ಮಕ್ಕಳ ಹೊಸ ಪತ್ರಗಳನ್ನು ಫಾದರ್ ತೋರಿಸಿದಾಗ ಓದಿ ನಕ್ಕಳು. ‘ನನಗೆ ಸ್ವಲ್ಪ ಇಚ್ಛೆ ಉಂಟು, ಉಳಿದದ್ದು ಬಿರಿಯಾನಿಗೆ’ ಎಂದು ಕೆವಿನ್ ಬರೆದಿದ್ದ, ಈ ಸಲ ತನ್ನದೇ ಹೆಸರಿನಲ್ಲಿ. ಗುರುವಾರ ಬಾಸಿಲ್ ಬಂದ. ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಅವನಿಗೆ ಅಂಗಿಯ ಕತೆ ಹೇಳಿ ಮುಗಿಸಿದಳು. ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ. “ನನ್ನ ಕಿವಿ ಹಿಡಿದು ನಿಲ್ಲಿಸಿದ್ದು ಪಪ್ಪನೇ. ಅವರು ಯಾವಾಗ ಇಷ್ಟು ಕಲಿತದ್ದು?” ಎಂದ.

ಬಿಷಪರು ಬರುವ ಬೆಳಿಗ್ಗೆ ಎಸ್ತೆರ್ ಆರೂವರೆಗೇ ಹೊರಟು ನಿಂತಳು. ಮಕ್ಕಳನ್ನು ಸಾಲು ಮಾಡಬೇಕಿತ್ತು. ಡ್ಯಾಫ್ನಿ ಹೊದಿಕೆ ತಲೆಯವರೆಗೆ ಎಳೆದು ಮಲಗಿದ್ದಳು.

“ಎಬ್ಬಿಸ್ಲಾ?” ಬಾಸಿಲ್ ಪಿಸುಗುಟ್ಟಿದ.

“ಬೇಡ.”

“ಸುಮ್ಮನೆ ಒಮ್ಮೆ ಕೆಮ್ಮಿದ್ರೆ?”

“ಕೆಮ್ಮುದೂ ಬೇಡ.”

ಇಗರ್ಜಿ ತುಂಬಿತ್ತು. ಮುಂದಿನ ಎರಡು ಬೆಂಚುಗಳಲ್ಲಿ ಹದಿನೇಳು ಮಕ್ಕಳು, ಅವರ ಹಿಂದೆ ಗಾಡ್‌ಫಾದರ್, ಗಾಡ್‌ಮದರುಗಳು. ಮೆಲಿಸಾ ಹೊಸ ಸೀರೆಯಲ್ಲಿ ಒಂದು ಖಾಲಿ ಜಾಗದ ಹಿಂದೆ ಕೂತಿದ್ದಳು. ಕೊನೆಯ ಗಳಿಗೆಯಲ್ಲಿ ಬಾಸಿಲ್ ಒಳಗೆ ಬಂದ, ಒಬ್ಬನೇ. ಎಸ್ತೆರ್‌ಳನ್ನು ನೋಡಿ ಎರಡೂ ಕೈ ಚೆಲ್ಲಿದ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಾಸಿಗೆ ಖಾಲಿ, ಪಪ್ಪನೂ ಇಲ್ಲ, ಎಲ್ಲಿ ಹೋದರೋ ಗೊತ್ತಿಲ್ಲ ಎಂಬುದನ್ನು ಆ ಕೈಗಳೇ ಹೇಳಿದವು.

ಬಲಿಪೂಜೆ ಶುರುವಾಯಿತು. ಹಿಂದಿನ ಮಹಡಿಯಲ್ಲಿ ಕೊಯರ್ ಹಾಡಿತು. ಎಸ್ತೆರ್ ಕಿವಿಗೊಟ್ಟಳು. ಆದರೆ ಹನ್ನೆರಡು ಹದಿಮೂರು ಸ್ವರಗಳಲ್ಲಿ ಮಗಳದ್ದೊಂದನ್ನು ಹೆಕ್ಕಲು ಯಾವ ತಾಯಿಗೂ ಆಗುವುದಿಲ್ಲ. ತಿರುಗಿ ಮೇಲೆ ನೋಡಿದರೆ ತಿಳಿಯುತ್ತಿತ್ತು. ಕತ್ತು ತಿರುಗಲು ಹೊರಟದ್ದನ್ನು ಅವಳು ತಡೆದು ಹಿಡಿದಳು. ನೋಡಿದರೆ ಆ ನೋಟ ಮತ್ತೊಂದು ಮೊಳೆಯ ಮೇಲಿನ ಅಂಗಿಯಾದೀತು.

ಸುವಾರ್ತೆ ಓದಿ ಮುಗಿಯಿತು. ಬಿಷಪರು ಪೀಠದಲ್ಲಿ ಕೂತರು. ಫಾದರ್ ಅಲ್ಬನ್ ತಲೆಯಾಡಿಸಿದರು. ಎಸ್ತೆರ್ ಮೈಕಿನ ಮುಂದೆ ಹೋಗಿ ಜನರಿಗೆ ಬೆನ್ನು ಹಾಕಿ, ಪೀಠದ ಕಡೆ ಮುಖ ಮಾಡಿ ಪಟ್ಟಿ ಬಿಡಿಸಿದಳು. ಒಂದೊಂದೇ ಹೆಸರು ಕರೆದಳು. ಒಬ್ಬೊಬ್ಬರೇ ಎದ್ದು “ಇಲ್ಲಿದ್ದೇನೆ” ಎಂದು ಮುಂದೆ ಬಂದರು. ಕೆವಿನ್ ಎಷ್ಟು ಜೋರಾಗಿ ಕೂಗಿದನೆಂದರೆ ಬಿಷಪರಿಗೂ ನಗು ಬಂತು. ಹದಿನೇಳು ಮುಗಿಯಿತು.

“ಡ್ಯಾಫ್ನಿ,” ಎಂದಳು ಎಸ್ತೆರ್.

ಸ್ವರ ಮೇಲೇರಲಿಲ್ಲ, ಕೆಳಗಿಳಿಯಲೂ ಇಲ್ಲ. ಬರೀ ಹೆಸರು. ಕರೆದು ಕಾದಳು.

ಯಾರೋ ಕೆಮ್ಮಿದರು. ಬೆನ್ನಿನ ಮೇಲೆ ನಾನೂರು ಜೋಡಿ ಕಣ್ಣುಗಳ ಭಾರ. ಎಷ್ಟು ಹೊತ್ತು ಕಾಯಬೇಕೆಂದು ಯಾವ ಮಾದರಿಯಲ್ಲೂ ಬರೆದಿರಲಿಲ್ಲ. ಕರೆದವನಿಗೆ ಕಾಯುವುದು ಇಷ್ಟು ಕಷ್ಟವೇ ಎಂದು, ಇಷ್ಟು ವರ್ಷ ದೇವರ ವಿಷಯ ಕಲಿಸಿದವಳಿಗೆ ಮೊದಲ ಬಾರಿ ಹೊಳೆಯಿತು. ಎತ್ತಿಕೊಂಡು ಬರುವ ಬಲವಿದ್ದೂ ನಿಂತಲ್ಲೇ ನಿಂತು ಕಾಯುವುದು. ಪಟ್ಟಿ ಮಡಚಲು ಬೆರಳುಗಳು ಸಿದ್ಧವಾದವು. ವಿಚಿತ್ರವೆಂದರೆ, ಜನ ಏನೆನ್ನುತ್ತಾರೆ ಎಂಬ ಚಿಂತೆ ಆಗ ಇರಲಿಲ್ಲ. ಮಡಚಿದರೂ ಅವಳು ನನ್ನ ಮಗಳೇ ಎನಿಸಿತು. ಒಂದು ಮಡಿಕೆ ಹಾಕಿದಳು.

ಮಹಡಿಯ ಮರದ ಮೆಟ್ಟಿಲು ಕಿರ್ರೆಂದಿತು.

ಎಸ್ತೆರ್ ತಿರುಗಲಿಲ್ಲ. ಇನ್ನೊಂದು ಮೆಟ್ಟಿಲು. ಮತ್ತೊಂದು. ಅವಸರವಿಲ್ಲದ ಹೆಜ್ಜೆಗಳು. ಆಮೇಲೆ ಬೆಂಚುಗಳ ನಡುವಿನ ದಾರಿಯಲ್ಲಿ ಚಪ್ಪಲಿಯ ಸಪ್ಪಳ, ಹತ್ತಿರ, ಇನ್ನೂ ಹತ್ತಿರ.

“ಇಲ್ಲಿದ್ದೇನೆ,” ಎಂದಿತು ಸ್ವರ, ಅವಳ ಪಕ್ಕದಲ್ಲೇ. ಜೋರಾಗಿಯಲ್ಲ, ಯಾರಿಗೆ ಕೇಳಬೇಕೋ ಅವರಿಗೆ ಕೇಳುವಷ್ಟು.

ಡ್ಯಾಫ್ನಿ ತಾಯಿಯನ್ನು ದಾಟಿ ಮುಂದೆ ಹೋಗಿ ಸಾಲಿನ ಕೊನೆಗೆ ನಿಂತಳು. ಮೈಮೇಲೆ ಬಿಳಿ ಫ್ರಾಕು. ಬೆಡ್‌ಶೀಟುಗಳ ನಡುವಿನಿಂದ ತಾನೇ ಎಳೆದು ತೆಗೆದದ್ದು. ಬೆನ್ನಿನ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು ಮಡಿಕೆಯ ಗೆರೆ ಎದ್ದು ಕಾಣುತ್ತಿತ್ತು. ಹಿಂದೆ ಮೆಲಿಸಾ ಆ ಗೆರೆಗಳನ್ನು ನೋಡಿ “ಅಯ್ಯೋ ದೇವಾ” ಎಂದು ಗೊಣಗಿದ್ದು ಕೇಳಿಸಿತು.

ಎಸ್ತೆರ್ ಆ ಸುಕ್ಕುಗಳನ್ನು ಕಣ್ತುಂಬ ನೋಡಿದಳು. ನೀವಿ ಸರಿಮಾಡಬೇಕೆಂದು ಕೈ ಚಾಚಲಿಲ್ಲ. ಮೇಲೆ ಮಹಡಿಯಲ್ಲಿ, ಬೇಸ್ ಹಾಡುವವರ ಜಾಗದಲ್ಲಿ, ಒಬ್ಬರು ಪುಸ್ತಕ ತೆರೆದು ಬಾಯಿ ಮುಚ್ಚಿ ನಿಂತಿರುತ್ತಾರೆ ಎಂದು ಅವಳಿಗೆ ನೋಡದೆಯೇ ಗೊತ್ತಿತ್ತು.